ಎರಡು ಬ್ಯಾಂಡುಗಳ ನಡುವಿನ ಬೊಂಬಾರ್ದಿನೊ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಬೆನಿಮೊರ್ಲ ಊರಿನ ಫೋರ್ನ್ ಬೀದಿಯ ಫಿನೆತಾ ಸೊರ್ಲಿ. ಕಾಲ, 1994ರ ಆಗಸ್ಟ್ ತಿಂಗಳ ಒಂದು ಸಂಜೆ. ಬಿಸಿಲಿಳಿದ ಮೇಲೆ ಬೀದಿಯ ಹೆಂಗಸರೆಲ್ಲ ತಂತಮ್ಮ ಕುರ್ಚಿಗಳನ್ನು ಬಾಗಿಲ ಹೊರಗೆ ಹಾಕಿಕೊಂಡು, ತಂಪಿಗೆ ಮುಖವೊಡ್ಡಿ, ಮಡಿಲಲ್ಲಿ ಬಾದಾಮಿ ಸುಲಿಯುತ್ತಿದ್ದ ಹೊತ್ತು ಅದು. ಆಮೇಲೆ ಇದೇ ಕಥೆಯನ್ನು ನಾನು ಕ್ಷೌರದಂಗಡಿಯಲ್ಲಿ ಕೇಳಿದೆ, ಎಣ್ಣೆಗಾಣದಲ್ಲಿ ಕೇಳಿದೆ, ಮದುವೆಯೂಟಗಳಲ್ಲಿ ಕೇಳಿದೆ. ಒಮ್ಮೆ ಶವಪೆಟ್ಟಿಗೆಯ ಹಿಂದೆ ನಡೆಯುತ್ತಲೂ ಕೇಳಿದೆ. ಹೇಳಿದವರೆಲ್ಲರೂ ಒಪ್ಪುವ ಸಂಗತಿಗಳನ್ನಷ್ಟೇ ಬರೆದರೆ ಅರ್ಧ ಪುಟವೂ ತುಂಬದು. ಆದುದರಿಂದ ಫಿನೆತಾ ಹೇಳಿದ ಪಾಠವನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಆಕೆ ಹಳೇ ಬ್ಯಾಂಡಿನ ಮನೆತನದವರು ಎಂಬುದನ್ನು ಓದುಗರು ಮರೆಯಬಾರದು. ಎದುರುಮನೆಯ ರಮೊನೆತಾ ಹೊಸ ಬ್ಯಾಂಡಿನವರು. ಅವರು ಅಲ್ಲಿಯೇ ಕುಳಿತು ಅಡಿಗಡಿಗೆ ತಿದ್ದುತ್ತಿದ್ದರು. ಆ ತಿದ್ದುಪಡಿಗಳನ್ನೂ ಬಿಟ್ಟಿಲ್ಲ.

ವಾಲೆನ್ಸಿಯಾದ ಗುಡ್ಡಗಳ ನಡುವಿನ ಬೆನಿಮೊರ್ಲ ಒಂದು ಸಣ್ಣ ಊರು. ಚರ್ಚು ಒಂದೇ, ಚೌಕ ಒಂದೇ, ಬ್ಯಾಂಡು ಮಾತ್ರ ಎರಡು. ಅಜ್ಜಂದಿರ ಕಾಲದಲ್ಲಿ ಬ್ಯಾಂಡೂ ಒಂದೇ ಇತ್ತು. ಚೌಕದ ನಡುವೆ ಆಗ ಒಂದು ಹಿಪ್ಪುನೇರಳೆ ಮರವಿತ್ತು. ಕಛೇರಿಯ ದಿನ ಅದರ ನೆರಳಿನಲ್ಲಿ ಕ್ಲಾರಿನೆಟ್ಟಿನವರು ಕೂರಬೇಕೋ ತುತ್ತೂರಿಯವರು ಕೂರಬೇಕೋ ಎಂಬ ಮಾತು ಬಂದು, ಮಾತಿಗೆ ಮಾತು ಬೆಳೆದು, ಬ್ಯಾಂಡು ಎರಡಾಗಿ ಸೀಳಿತು. ಕೆಲವು ವರ್ಷಗಳಲ್ಲಿ ಮರ ಒಣಗಿ ಸತ್ತಿತು. ಅದಿದ್ದ ಜಾಗದಲ್ಲಿ ಪುರಸಭೆ ಒಂದು ಕಾರಂಜಿ ಕಟ್ಟಿಸಿತು. ಜಗಳ ಮಾತ್ರ ಹಸಿರಾಗಿಯೇ ಉಳಿಯಿತು. ಹಳಬರನ್ನು ಹೊಸಬರು ‘ಒಣಮೀನು’ ಎಂದರು. ಹೊಸಬರನ್ನು ಹಳಬರು ‘ಬಸವನಹುಳು’ ಎಂದರು. ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳುವುದಕ್ಕೆ ಮೊದಲು ‘ಯಾವ ಬ್ಯಾಂಡಿಂದು?’ ಎಂದು ಕೇಳುವ ಊರು ಅದಾಯಿತು.

ಈ ಎರಡು ಬ್ಯಾಂಡುಗಳೂ ಒಪ್ಪುವ ನಿಯಮ ಒಂದೇ ಒಂದು. ಬೀದಿಯಲ್ಲಿ ಎದುರುಬದುರಾದಾಗ ಯಾರು ಮೊದಲು ನುಡಿಸುವುದನ್ನು ನಿಲ್ಲಿಸುತ್ತಾರೋ ಅವರು ಸೋತಂತೆ. ಹಿಂದೊಮ್ಮೆ ಮಾಂಸದಂಗಡಿಯ ಮೂಲೆಯಲ್ಲಿ ಎದುರಾದವರು ತುಟಿ ಒಡೆದು ರಕ್ತ ಬಂದರೂ ನಿಲ್ಲಿಸದೆ ನುಡಿಸಿದರಂತೆ. ಕಡೆಗೆ ಪಾದ್ರಿಗಳು ಬೆಂಕಿ ಬಿದ್ದಾಗ ಬಾರಿಸುವ ಗಂಟೆ ಬಾರಿಸಿ ಎಲ್ಲರನ್ನೂ ಓಡಿಸಬೇಕಾಯಿತಂತೆ. ಅಂದಿನಿಂದ ಸೆಪ್ಟೆಂಬರಿನ ಊರಹಬ್ಬದಲ್ಲಿ ಇಬ್ಬರಿಗೂ ಬೇರೆ ಬೇರೆ ಹೊತ್ತು ಗೊತ್ತುಮಾಡಿದ್ದಾರೆ. ಹಬ್ಬದ ದಿನ ಊರಿನ ಅರ್ಧ ಜನ ಕ್ರೈಸ್ತ ಪಡೆಯಾಗಿ, ಅರ್ಧ ಜನ ಹಿಂದೆ ಆ ಸೀಮೆಯನ್ನಾಳಿದ ‘ಮೂರ್’ ಎಂಬ ಮುಸ್ಲಿಂ ದೊರೆಗಳ ಪಡೆಯಾಗಿ ವೇಷ ಕಟ್ಟಿ ಊರು ಪ್ರವೇಶಿಸುತ್ತಾರೆ. ಕ್ರೈಸ್ತ ಪಡೆಗೆ ಹೊಸ ಬ್ಯಾಂಡು, ಬೆಳಗ್ಗೆ, ಮೇಲಿನ ಬೀದಿಯಿಂದ. ಮೂರ್ ಪಡೆಗೆ ಹಳೇ ಬ್ಯಾಂಡು, ಮಧ್ಯಾಹ್ನ, ಕೆಳಗಿನ ಬೀದಿಯಿಂದ. ಈ ಪ್ರವೇಶದ ಮೆರವಣಿಗೆಯಲ್ಲಿ ವಾದ್ಯ ಹಿಡಿದು ನಡೆದವನೇ ಬೆನಿಮೊರ್ಲದ ಸಂಗೀತಗಾರ. ಉಳಿದವನು ಯಾರೇ ಆಗಿರಲಿ, ಹವ್ಯಾಸಿ.

ಇಂಥ ಊರಿನಲ್ಲಿ ಹಳೇ ಬ್ಯಾಂಡಿನ ಮನೆಯ ಬತಿಸ್ತೆ ಫೆರ್ರಾಂದಿಸ್ ಎಂಬವನು ಹೊಸ ಬ್ಯಾಂಡನ್ನು ಕಟ್ಟಿದವನ ಮಗಳು ಕೊನ್ಸೊಲ್‌ಳನ್ನೇ ಮದುವೆಯಾದ. ಅವರ ಮಗ ಎಲಿಸೆವ್. ನಾಮಕರಣದ ದಿನ ಮಗುವಿಗಾಗಿ ನುಡಿಸಲು ಎರಡು ಬ್ಯಾಂಡುಗಳೂ ಚರ್ಚಿನ ಬಾಗಿಲಿಗೆ ಬಂದವು. ಮಗು ಯಾವ ಬ್ಯಾಂಡಿನದೆಂದು ಹೇಳದೆ ಒಳಗೆ ಬಿಡೆವು ಎಂದವು.

“ಅದು ನನ್ನ ಹೊಟ್ಟೇಲಿ ಹುಟ್ಟಿದ್ದು, ನಿಮ್ಮ ತುತ್ತೂರೀಲಿ ಅಲ್ಲ. ದಾರಿ ಬಿಡ್ರೋ!” ಎಂದಳಂತೆ ಕೊನ್ಸೊಲ್.

ದಾರಿಯನ್ನೇನೋ ಬಿಟ್ಟರು. ಆದರೆ ಆ ಮಗುವಿಗೆ ತಮ್ಮ ಬ್ಯಾಂಡಿನಲ್ಲಿ ಎಂದೆಂದಿಗೂ ಜಾಗವಿಲ್ಲ ಎಂದು ಎರಡೂ ಕಡೆಯವರು ಅದೇ ಮೆಟ್ಟಿಲ ಮೇಲೆ ಸಾರಿದರು. ಬೇರಾದ ಮೇಲೆ ಅವರಿಬ್ಬರೂ ಒಂದೇ ಮಾತು ಆಡಿದ್ದು ಅಂದೇ ಮೊದಲು ಎಂದು ಫಿನೆತಾ ಹೇಳುತ್ತಾರೆ.

ಕೊನ್ಸೊಲ್‌ಳ ಮನೆ ಓಣಿಯಲ್ಲಿತ್ತು. ಎಡಗಡೆಯ ಗೋಡೆಯಾಚೆ ಹಳೇ ಬ್ಯಾಂಡಿನ ತಾಲೀಮು ಮನೆ, ಬಲಗಡೆಯ ಗೋಡೆಯಾಚೆ ಹೊಸ ಬ್ಯಾಂಡಿನ ತಾಲೀಮು ಮನೆ. ಇಬ್ಬರೂ ಶುಕ್ರವಾರವೇ ತಾಲೀಮು ಮಾಡುತ್ತಿದ್ದರು. ಒಬ್ಬರು ವಾರ ಬದಲಿಸಿದರೆ ಸೋತಂತಲ್ಲವೆ! ತೊಟ್ಟಿಲಲ್ಲಿ ಮಲಗಿದ ಎಲಿಸೆವ್‌ಗೆ ಎಡಗಿವಿಯಲ್ಲಿ ಒಂದು, ಬಲಗಿವಿಯಲ್ಲಿ ಇನ್ನೊಂದು. ಸಂಗೀತವೆಂದರೇ ಹೀಗೆ, ಎರಡು ಕಡೆಯಿಂದ ಬರುವುದು, ಎಂದು ಅವನು ತಿಳಿದಿದ್ದ. ಬೇರೆ ಊರಿನ ಸಂತೆಯಲ್ಲಿ ಮೊದಲ ಬಾರಿ ಒಂದೇ ಬ್ಯಾಂಡು ನುಡಿಸುವುದನ್ನು ಕೇಳಿ, “ಅಮ್ಮ, ಉಳಿದ ಅರ್ಧ ಎಲ್ಲಿ?” ಎಂದು ಕೇಳಿದನಂತೆ.

ವಾದ್ಯ ಸಿಕ್ಕಿದ್ದೂ ಹಾಗೆಯೇ. ಹಳೆಯ ಒಂದೇ ಬ್ಯಾಂಡು ಸೀಳಿದಾಗ ತುತ್ತೂರಿ, ತಮಟೆ, ಕುರ್ಚಿ, ಕನ್ನಡಿ ಎಲ್ಲವನ್ನೂ ಹಂಚಿಕೊಂಡರು. ಒಂದು ಬೊಂಬಾರ್ದಿನೊ ಮಾತ್ರ ಪಾಲಾಗದೆ ಉಳಿಯಿತು. ಬಸುರಿಯ ಹೊಟ್ಟೆಯಂಥ ಬಳುಕು, ಆಕಾಶ ನೋಡುವ ಬಾಯಿ, ಎಮ್ಮೆ ಕರುವಿನ ದನಿ ಇರುವ ಹಿತ್ತಾಳೆಯ ವಾದ್ಯ ಅದು. ನಮ್ಮದು ಎಂದು ಇಬ್ಬರೂ ಪಟ್ಟು ಹಿಡಿದದ್ದರಿಂದ ಅದು ಚರ್ಚಿನ ಹಿಂಗೋಣೆಯಲ್ಲಿ ಮೇಣದ ಬತ್ತಿಗಳ ಮಧ್ಯೆ ಕಿಲುಬು ಹಿಡಿಯುತ್ತಿತ್ತು. ಯಾರಿಗೂ ಸೇರದ ಹುಡುಗನಿಗೆ ಯಾರಿಗೂ ಸೇರದ ವಾದ್ಯ ಎಂದು ಪಾದ್ರಿಗಳು ಅದನ್ನು ಎಲಿಸೆವ್‌ಗೆ ಕೊಟ್ಟುಬಿಟ್ಟರು. ಗೋಡೆಗಳು ಕಲಿಸಿದವು, ಅವನು ಕಲಿತ.

ಮುಂದೆ ಅವನ ಏಳಿಗೆಯ ಕಥೆ. ಅದನ್ನು ಫಿನೆತಾ ಬಾದಾಮಿ ಒಡೆಯುವಷ್ಟು ಬೇಗ ಹೇಳಿ ಮುಗಿಸಿದರು.

ಕಡ್ಡಾಯ ಸೇವೆಗೆಂದು ಹೋದವನು ನೌಕಾಪಡೆಯ ಬ್ಯಾಂಡಿನಲ್ಲಿ ಸೇರಿದ. ಕಡಲತೀರದ ಪ್ರವಾಸಿಗಳ ಊರು ಬೆನಿದೊರ್ಮಿನ ಹೊಟೇಲುಗಳಲ್ಲಿ, ಬಿಸಿಲಿಗೆ ಸುಟ್ಟು ಕೆಂಪಾದ ಜರ್ಮನರು ಊಟ ಮಾಡುವಾಗ ನುಡಿಸಿದ. ಅಲ್ಲಿಂದ ಮ್ಯಾಡ್ರಿಡ್ಡಿಗೆ ಹೋದ. ಚಲನಚಿತ್ರಗಳ ವಾದ್ಯಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಮುಂದಿನ ಸಾಲಿಗೆ ಬಂದು, ಆಮೇಲೆ ಆ ಸಾಲುಗಳಿಗೆ ತಾನೇ ಸ್ವರ ಬರೆಯತೊಡಗಿದ. ಹಾಡುವವರೇ ಇಲ್ಲದೆ ಬರೀ ವಾದ್ಯದ ಮೇಲೆ ಧ್ವನಿಮುದ್ರಿಕೆ ಮಾಡಿದರೆ ಯಾರು ಕೊಳ್ಳುತ್ತಾರೆ ಎಂದು ಎಲ್ಲರೂ ನಕ್ಕಾಗ, ಮುಂದೆ ಬೊಂಬಾರ್ದಿನೊ, ಹಿಂದೆ ವಿದ್ಯುತ್ ಗಿಟಾರು ಇಟ್ಟು ಒಂದು ಮುದ್ರಿಕೆ ಮಾಡಿದ. ಅದು ಮೆಕ್ಸಿಕೊದವರೆಗೂ ಹೋಯಿತು. ತನ್ನದೇ ಸ್ಟುಡಿಯೊ ಕಟ್ಟಿ ಇತರರ ಮುದ್ರಿಕೆಗಳನ್ನು ನಿರ್ಮಿಸಿದ. ಗಂಟಲು ಕೆಟ್ಟ ಗಾಯಕರನ್ನೂ ಕೋಗಿಲೆ ಮಾಡುವ ಕೈಗುಣ ಅವನದೆಂದು ಹೆಸರಾಯಿತು. ಕಡೆಗೆ ದೂರದರ್ಶನದ ಹವಾಮಾನ ವರದಿಗೂ ಅವನದೇ ರಾಗ ಬಂತು. ದಿನವೂ ರಾತ್ರಿಯೂಟದ ಹೊತ್ತಿಗೆ ಇಡೀ ಸ್ಪೇನ್ ಅದನ್ನು ಕೇಳುತ್ತಿತ್ತು.

ಬೆನಿಮೊರ್ಲದಲ್ಲಿ ಮಾತ್ರ ಆ ರಾಗ ಬಂದಾಗ ನಡೆಯುತ್ತಿದ್ದ ಮಾತೇ ಬೇರೆ.

“ನಾಳೆ ಮಳೆಯಂತೆ ಕಣೋ.”

“ಮಳೆ ಹಾಗಿರ್ಲಿ, ಈ ರಾಗ ಯಾರ್ದು?”

“ಕೊನ್ಸೊಲ್ ಮಗಂದು.”

“ಯಾವ ಬ್ಯಾಂಡಿನೋನು ಅವ್ನು?”

“ಯಾವುದ್ರೋನೂ ಅಲ್ಲ.”

“ಹಾಗಾದ್ರೆ ಮಳೆ ಬರಲ್ಲ ಬಿಡು.”

ಎಲಿಸೆವ್ ಹಬ್ಬಕ್ಕೆ ತಪ್ಪದೆ ಬರುತ್ತಿದ್ದ. ತಾಯಿಯ ಮನೆಯ ಮೇಲಟ್ಟದ ಬಾಲ್ಕನಿಯಲ್ಲಿ ನಿಂತು ಮೆರವಣಿಗೆ ನೋಡುತ್ತಿದ್ದ. ಕೆಳಗೆ ನಡೆಯುವವರಲ್ಲಿ ತಾಳ ತಪ್ಪುವ ಬಡಗಿಯಿದ್ದ, ಉಸಿರಿಲ್ಲದ ಅಂಚೆಯವನಿದ್ದ, ವರ್ಷಕ್ಕೊಮ್ಮೆ ವಾದ್ಯದ ಪೆಟ್ಟಿಗೆ ತೆರೆಯುವ ದಂತವೈದ್ಯನಿದ್ದ. ಅವರು ತಲೆಯೆತ್ತಿ, “ಏನಪ್ಪಾ ಎಲಿಸೆವ್, ಮೇಲಿಂದ ಚೆನ್ನಾಗಿ ಕಾಣುತ್ತಾ?” ಎಂದು ಕೇಳಿ ಹೋಗುತ್ತಿದ್ದರು. ಅವನು ನಗುತ್ತಿದ್ದ. ಆದರೆ ಬಾಲ್ಕನಿಯ ಕಬ್ಬಿಣದ ಸರಳನ್ನು ಹಿಡಿದ ಅವನ ಬಲಗೈ ಬೆರಳುಗಳು ಮೆರವಣಿಗೆ ಮುಗಿಯುವತನಕ ಇಲ್ಲದ ಕೀಲಿಗಳನ್ನು ಒತ್ತುತ್ತಲೇ ಇರುತ್ತಿದ್ದವು. ಅದನ್ನು ಕಂಡವಳು ತಾಯಿಯೊಬ್ಬಳೇ.

“ಮ್ಯಾಡ್ರಿಡ್ಡು ನೋಡ್ತು, ಮೆಕ್ಸಿಕೊ ನೋಡ್ತು, ನಿನ್ನ ಹೆತ್ತೋಳು ಮಾತ್ರ ನೋಡ್ಲಿಲ್ಲ,” ಎಂದಳು ಕೊನ್ಸೊಲ್ ಒಂದು ಹಬ್ಬದ ಸಂಜೆ. ಆಗ ಅವಳಿಗೆ ಎಂಬತ್ತು ಸಮೀಪಿಸಿತ್ತು, ಗಂಡ ತೀರಿಹೋಗಿದ್ದ. “ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ನೀನು ಆ ಬೀದೀಲಿ ಆ ದಪ್ಪ ಹೊಟ್ಟೇದನ್ನ ಊದ್ಕೊಂಡು ಬರಬೇಕು. ಹ್ಯಾಗೆ ಬರ್ತೀಯೋ ನಂಗೊತ್ತಿಲ್ಲ.”

“ಅವ್ರು ಬಿಡಬೇಕಲ್ಲಮ್ಮ.”

“ಬಿಡ್ತಾರಾ ಅಂತ ಕೇಳೋನು ಸಂಗೀತಗಾರನಲ್ಲ, ಸುಂಕದ ಗುಮಾಸ್ತ.”

ಮರುವರ್ಷದ ಚಳಿಗಾಲದಲ್ಲಿ ಹಳೇ ಬ್ಯಾಂಡಿನ ನಿರ್ದೇಶಕ ದೊನ್ ರೆಮಿಜಿ ಯಾರಿಗೂ ಹೇಳದೆ ಬಸ್ಸು ಹತ್ತಿ ಮ್ಯಾಡ್ರಿಡ್ಡಿಗೆ ಹೋದರು. ಹೊಸಬರಿಗೆ ಮುಖಭಂಗವಾಗುವಂಥ ಹೊಸದೊಂದು ಮೂರ್ ನಡೆ, ಅಂದರೆ ಮೂರ್ ಪಡೆ ತೂಗಿ ತೂಗಿ ನಡೆಯುವಾಗಿನ ನಿಧಾನದ ರಚನೆ, ಅವರಿಗೆ ಬೇಕಿತ್ತು. ಎಲಿಸೆವ್ ಬರೆದುಕೊಡಲು ಒಪ್ಪಿದ.

“ಕಾಸು ಬೇಡ, ದೊನ್ ರೆಮಿಜಿ. ನಾನೂ ನಿಮ್ಮ ಜೊತೆ ನಡೀಬೇಕು, ಅಷ್ಟೆ.”

ರೆಮಿಜಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. “ಅದೊಂದು ಬಿಟ್ಟು ಬೇರೇನಾದ್ರೂ ಕೇಳು ಮಗನೆ. ನೀನು ಆ ಬಸವನಹುಳುಗಳ ಮೊಮ್ಮಗ ಅಲ್ವಾ!”

ಅವರು ಹೋದ ವಾರಕ್ಕೆ ಹೊಸ ಬ್ಯಾಂಡಿನ ನಿರ್ದೇಶಕ ದೊನ್ ಅಮಾದೆವ್ ಯಾರಿಗೂ ಹೇಳದೆ ರೈಲು ಹತ್ತಿ ಬಂದರು. ಅವರಿಗೆ ಬೇಕಾಗಿದ್ದುದು ಕ್ರೈಸ್ತ ನಡೆ, ಚುರುಕಿನದು, ಒಣಮೀನುಗಳ ಎದೆ ಬಿರಿಯುವಂಥದು. ಎಲಿಸೆವ್ ಅದಕ್ಕೂ ಒಪ್ಪಿ, ಕೇಳುವುದನ್ನು ಕೇಳಿದ.

“ಛೆ ಛೆ, ಎಂಥಾ ಮಾತು,” ಎಂದರು ಅಮಾದೆವ್. “ನಿಮ್ಮಪ್ಪ ಒಣಮೀನಲ್ಲವೇನೋ? ಅವನು ಸತ್ತಿರಬೋದು, ವಾಸನೆ ಹೋಗಿಲ್ವಲ್ಲಪ್ಪ.”

ಆ ರಾತ್ರಿ ಎಲಿಸೆವ್ ತಾಯಿಗೆ ಫೋನು ಮಾಡಿದ. ಇಬ್ಬರೂ ಏನು ಮಾತಾಡಿದರೆಂದು ಯಾರಿಗೂ ತಿಳಿಯದು. ಆದರೆ ಕೊನ್ಸೊಲ್ ಫೋನಿಡುವಾಗ ನಗುತ್ತಿದ್ದಳೆಂದು ಹಳೇ ಬ್ಯಾಂಡಿನ ತಾಲೀಮು ಮನೆಯ ಕಸ ಗುಡಿಸುತ್ತ ಗೋಡೆಗೆ ಕಿವಿಗೊಟ್ಟಿದ್ದ ಫಿನೆತಾರ ಚಿಕ್ಕಮ್ಮ ಹೇಳಿದ್ದಾರೆ.

ವಸಂತದಲ್ಲಿ ಎರಡು ರಚನೆಗಳೂ ಬಂದವು. ಎರಡೂ ತಾಲೀಮು ಮನೆಗಳಲ್ಲಿ ಕಿಟಕಿಗೆ ಕಂಬಳಿ ಹೊದಿಸಿ ಗುಟ್ಟಾಗಿ ತಾಲೀಮು ನಡೆಯಿತು. ಎರಡೂ ಕಡೆ ಒಂದೇ ಗೊಣಗಾಟ. ಹಳಬರ ಮೂರ್ ನಡೆ ಗಂಭೀರವಾಗಿತ್ತು, ಆದರೆ ಅಲ್ಲಲ್ಲಿ ಉಸಿರು ಕಟ್ಟಿದಂತೆ ಖಾಲಿ. ಹೊಸಬರ ಕ್ರೈಸ್ತ ನಡೆ ಚುರುಕಾಗಿತ್ತು, ಆದರೆ ಅಡಿಪಾಯವೇ ಇಲ್ಲದ ಮನೆಯಂತೆ. ಮೇಲಾಗಿ ಎರಡರಲ್ಲೂ ಕೊನೆಗೆ ಸ್ವಲ್ಪ ಮೊದಲು ಇಡೀ ಬ್ಯಾಂಡು ಬಾಯಿ ಮುಚ್ಚಿಕೊಂಡಿರಬೇಕಾದ ಎಂಟು ಆವರ್ತಗಳ ಮೌನವಿತ್ತು.

“ಇದೇನಯ್ಯಾ, ಇಲ್ಲಿ ಶಾಯಿ ಮುಗೀತಾ?” ಎಂದು ರೆಮಿಜಿ ಫೋನಿನಲ್ಲಿ ಕೇಳಿದರು.

“ಮೂರ್ ದೊರೆ ಆನೆಗಾತ್ರದ ಪೇಟ ಸುತ್ಕೊಂಡು ಬರ್ತಾನಲ್ಲ, ಆಗ ಜನ ಚಪ್ಪಾಳೆ ಹೊಡೀಬೇಕು ದೊನ್ ರೆಮಿಜಿ. ಚಪ್ಪಾಳೆಗೂ ಜಾಗ ಬರೆಯೋನೇ ನಿಜವಾದ ರಚನೆಗಾರ.”

ಅಮಾದೆವ್ ಕೇಳಿದಾಗ, “ಕ್ರೈಸ್ತ ದಳಪತಿ ಕತ್ತಿ ಎತ್ತೋ ಜಾಗ ಅದು. ಕತ್ತಿ ಹೊಳೆಯೋ ಸದ್ದು ಕೇಳಿಸ್ಬೇಡ್ವೆ?” ಎಂದ. ಕತ್ತಿ ಹೊಳೆದರೆ ಸದ್ದಾಗುವುದೇ ಎಂದು ಕೇಳುವ ವ್ಯವಧಾನ ಅಮಾದೆವ್‌ಗಿರಲಿಲ್ಲ.

“ನಮ್ಮ ಅಮಾದೆವ್ ಅಷ್ಟು ದಡ್ಡರಲ್ಲ,” ಎಂದು ರಮೊನೆತಾ ಇಲ್ಲಿ ಬಾದಾಮಿ ಬುಟ್ಟಿಯನ್ನು ಕೆಳಗಿಟ್ಟರು. “ಅವ್ರು ಕೇಳಿದ್ರು. ಲೈನು ಕಟ್ಟಾಯ್ತು.”

“ಹೌದ್ಹೌದು, ನಿಮ್ಮೋರಿಗೆ ಬುದ್ಧಿ ಬರೋ ಹೊತ್ತಿಗೆ ಲೈನು ಯಾವಾಗ್ಲೂ ಕಟ್ಟಾಗುತ್ತೆ. ಸುಲಿಯೇ, ಬಾದಾಮಿ ಸುಲಿ.”

ಹಬ್ಬದ ದಿನ ಬಂತು. ಈ ಸೀಮೆಯಲ್ಲಿ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಇನ್ನೊಂದು ಊಟವಿದೆ. ಅದರ ಹೆಸರು ಎಸ್ಮೊರ್ಸಾರ್. ಸಾವಿನ ಮನೆಯಲ್ಲಿ ಅಳುವನ್ನಾದರೂ ಮುಂದೂಡಿಯಾರು, ಇದನ್ನು ಮುಂದೂಡರು. ನಡುವಿನಲ್ಲಿ ಎದ್ದು ಹೋದವನಿಗೆ ಹೆಣ್ಣು ಕೊಡರು. ಆ ಬೆಳಗ್ಗೆ ಕೊನ್ಸೊಲ್ ಹೊಸ ಬ್ಯಾಂಡಿನವರನ್ನೆಲ್ಲ ತನ್ನ ಹಿತ್ತಿಲಿಗೆ ಎಸ್ಮೊರ್ಸಾರ್‌ಗೆ ಕರೆದಳು. ಬ್ಯಾಂಡು ಕಟ್ಟಿದವನ ಮಗಳು ಕರೆದಾಗ ಇಲ್ಲವೆನ್ನುವುದು ಹೇಗೆ? ಬಂದು ಕುಳಿತರು. ಮೊಳದುದ್ದದ ಬ್ರೆಡ್ಡಿನ ಹೊಟ್ಟೆಗೆ ಈರುಳ್ಳಿಯ ಸಾಸೇಜು ತುಂಬಿ ಬಂತು. ಉಪ್ಪಿನ ಆಲಿವ್ ಬಂತು, ಸಿಪ್ಪೆ ಸಹಿತ ಹುರಿದ ಕಡಲೇಕಾಯಿ ಬಂತು, ಮೊಲದ ಹುರಿದ ತೊಡೆ ಬಂತು, ವೈನ್ ಹೂಜಿ ಕೈಯಿಂದ ಕೈಗೆ ಹೋಯಿತು. ಎಲ್ಲ ಆದ ಮೇಲೆ ಉಳಿದದ್ದು ಕ್ರೆಮಾಯೆತ್: ಲೋಟದಲ್ಲಿ ರಮ್ಮು, ಸಕ್ಕರೆ, ಚಕ್ಕೆ ಹಾಕಿ ಬೆಂಕಿ ಹಚ್ಚಿ, ಅದು ಉರಿದು ಇಳಿದ ಮೇಲೆ ಕಾಫಿ ಹೊಯ್ದು ಕುಡಿಯುವುದು. ಅದನ್ನು ಕುಡಿಯದೆ ಎದ್ದರೆ ಉಂಡದ್ದೆಲ್ಲ ಉಂಡಂತಲ್ಲ.

ಅಂದು ರಮ್ಮಿಗೆ ಬೆಂಕಿ ಹತ್ತಲೇ ಇಲ್ಲ.

“ಕೊನ್ಸೊಲಮ್ಮ, ಹೊತ್ತಾಗ್ತಿದೆ,” ಎಂದರು ಅಮಾದೆವ್. ಬೀದಿಯಾಚೆ ಕ್ರೈಸ್ತ ದಳಪತಿ ಕುದುರೆಯ ಮೇಲೆ ಕುಳಿತು ಬೆವರುತ್ತಿದ್ದ.

“ನನ್ನ ಅಡ್ಡಿಯಿಲ್ಲಪ್ಪ, ಹೊರಡಿ. ನಿಮ್ಮ ಬ್ಯಾಂಡು ಕಟ್ಟಿದೋನ ಮಗಳ ಮನೇಲಿ ಕ್ರೆಮಾಯೆತ್ ಕುಡೀದೆ ಎದ್ರಂತೆ ಅಂತ ಒಣಮೀನುಗಳು ಆಡ್ಕೊಂಡ್ರೆ ಆಡ್ಕೊಳ್ಳಲಿ.”

ಅಮಾದೆವ್ ಮತ್ತೆ ಕುಳಿತರು. ಕಡ್ಡಿ ಗೀರಿದರು, ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ರಮ್ಮಿಗೆ ನೀರು ಬೆರೆಸಿದ್ದು ಕೊನ್ಸೊಲ್ಲೇ ಎಂದು ಹಳೇ ಬ್ಯಾಂಡಿನವರು ಹೇಳುತ್ತಾರೆ. ಆ ವರ್ಷದ ರಮ್ಮೇ ಹಾಗಿತ್ತು ಎಂದು ಹೊಸ ಬ್ಯಾಂಡಿನವರು ಹೇಳುತ್ತಾರೆ. ಒಳಗಿನಿಂದ ಇನ್ನೊಂದು ಸೀಸೆ ಹುಡುಕಿ ತರುವುದಕ್ಕೆ ಎಂಬತ್ತರ ಮುದುಕಿಗೆ ಎಷ್ಟು ಹೊತ್ತು ಬೇಕೋ ಅದರ ಮೂರು ಪಟ್ಟು ಹೊತ್ತು ಹಿಡಿಯಿತೆಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ.

ಹೀಗಾಗಿ ಬೆಳಗ್ಗೆ ಮೇಲಿನ ಬೀದಿಯಿಂದ ಇಳಿಯಬೇಕಾಗಿದ್ದ ಹೊಸ ಬ್ಯಾಂಡು, ಬಾಯಲ್ಲಿ ಚಕ್ಕೆಯ ಘಮಲಿಟ್ಟುಕೊಂಡು, ಮಧ್ಯಾಹ್ನ ಇಳಿಯಿತು. ಅದೇ ಹೊತ್ತಿಗೆ, ತಮ್ಮ ಗಳಿಗೆ ಮೀರಬಾರದೆಂದು ಹಳೇ ಬ್ಯಾಂಡು ಕೆಳಗಿನ ಬೀದಿಯಿಂದ ಏರಿತು. ಮೇಯರ್ ಅದನ್ನು ಪುರಸಭೆಯ ಕಿಟಕಿಯಿಂದ ಕಂಡವರೇ ಕಿಟಕಿ ಮುಚ್ಚಿದರು.

ಇಬ್ಬರೂ ಚೌಕದ ಬಾಯಿಗೆ ಏಕಕಾಲಕ್ಕೆ ಬಂದರು. ಎರಡೂ ಬ್ಯಾಂಡಿನವರು, ಎಲಿಸೆವ್ ಹಾಳೆಯ ಮೇಲೆ ಬರೆದಿದ್ದಂತೆ ಚೌಕ ಕಂಡೊಡನೆ, ತಮ್ಮ ಹೊಸ ರಚನೆಯನ್ನು ಆಗಷ್ಟೇ ಎತ್ತಿಕೊಂಡಿದ್ದರು. ಒಬ್ಬರನ್ನೊಬ್ಬರು ಕಂಡದ್ದೇ ನಿಲ್ಲಿಸುವುದಿರಲಿ, ಕೆನ್ನೆ ಇನ್ನಷ್ಟು ಉಬ್ಬಿಸಿದರು. ಅಂಗಡಿಯವರು ಬಾಗಿಲೆಳೆದುಕೊಂಡರು. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು.

“ನಾನು ಅಲ್ಲೇ ಕಂಬದ ಹತ್ರ ನಿಂತಿದ್ದೆ,” ಎಂದರು ಫಿನೆತಾ. ಬಾದಾಮಿ ಒಡೆಯುವ ಕಲ್ಲು ಅವರ ಕೈಯಲ್ಲೇ ನಿಂತಿತ್ತು. “ಮೊದ್ಲು ಗೊತ್ತಾಗ್ಲಿಲ್ಲ. ಇನ್ನೇನು ಗದ್ದಲ ಶುರುವಾಯ್ತು ಅಂತ ಕಾಯ್ತಿದೀನಿ, ಕಾಯ್ತಿದೀನಿ, ಗದ್ದಲ ಬರ್ತಾನೇ ಇಲ್ಲ! ನಮ್ಮೋರು ಒಂದು ಹೆಜ್ಜೆ ಇಡೋದ್ರಲ್ಲಿ ಅವ್ರು ಎರಡು ಇಡ್ತಿದಾರೆ. ನಮ್ಮ ಕಡೆ ಎಲ್ಲಿ ಉಸಿರು ಕಟ್ತೋ ಅಲ್ಲಿಗೆ ಸರಿಯಾಗಿ ಅವ್ರ ತುತ್ತೂರಿ ಬಂದು ಕೂರುತ್ತೆ. ಅವ್ರ ಮನೆಗೆ ಅಡಿಪಾಯ ಇಲ್ಲ ಅಂತಿದ್ರಲ್ಲ, ಅದು ನಮ್ಮ ನಗಾರಿ ಕಣ್ರೇ!”

“ನಿಮ್ಮ ಮನೆಗೆ ಸೂರು ನಮ್ಮದು ಅನ್ನೋದನ್ನೂ ಹೇಳು,” ಎಂದರು ರಮೊನೆತಾ.

“ಹೇಳಿದ್ನಲ್ಲೇ, ತುತ್ತೂರಿ ಬಂತು ಅಂತ!”

ನುಡಿಸುತ್ತಿದ್ದವರಿಗೂ ಅದು ತಿಳಿಯಿತು. ತಿಳಿದಾಗ ಅವರ ಮುಖಗಳಲ್ಲಿ ಸಂತೋಷಕ್ಕಿಂತ ಮೊದಲು ಬಂದದ್ದು ಗಾಬರಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ವೈರಿಯ ಸ್ವರಕ್ಕೆ ತಮ್ಮ ಸ್ವರ ಹೊಂದುತ್ತಿದೆ ಎಂದರೆ ಏನೋ ಮೋಸವಾಗಿದೆ ಎಂದೇ ಅರ್ಥ. ಆದರೂ ನಿಲ್ಲಿಸುವಂತಿಲ್ಲ, ಮೊದಲು ನಿಲ್ಲಿಸಿದವರು ಸೋತಂತೆ. ಹೀಗೆ ಸೋಲಬಾರದೆಂಬ ಒಂದೇ ಹಟದಿಂದ ಎರಡೂ ಬ್ಯಾಂಡುಗಳು ಒಂದೇ ಬ್ಯಾಂಡಾಗಿ, ಕಾರಂಜಿಯ ಎರಡು ಮಗ್ಗುಲಿಗೆ ಬಂದು ಮುಟ್ಟಿದವು.

ಆಗ ಬಂತು ಎಂಟು ಆವರ್ತಗಳ ಮೌನ.

ರೆಮಿಜಿ ತಿರುಗಿ ತಮ್ಮವರನ್ನು ನೋಡಿದರು. ವೈರಿಯ ಮುಂದೆ, ಇಡೀ ಊರಿನ ಮುಂದೆ, ತಮ್ಮ ಬ್ಯಾಂಡು ನಿಂತುಹೋಗಿದೆ! ಆಚೆ ಅಮಾದೆವ್ ಕೂಡ ತಮ್ಮವರ ಕಡೆ ತಿರುಗಿದ್ದರು. ಇಬ್ಬರೂ ಸೋತೆವೆಂದುಕೊಂಡು ಒಬ್ಬರನ್ನೊಬ್ಬರು ನೋಡಿದರು. ಎದುರಿನವರೂ ನಿಂತಿರುವುದು ಕಂಡಿತು.

“ನೀವು ಮೊದ್ಲು ನಿಲ್ಸಿದ್ರಿ!” ಎಂದು ಇಬ್ಬರೂ ಒಟ್ಟಿಗೆ ಕೂಗಲು ಬಾಯಿ ತೆರೆದರು. ಕೂಗು ಹೊರಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಕಾರಂಜಿಯ ಕಡೆಯಿಂದ ಎಮ್ಮೆ ಕರುವಿನ ದನಿ ಎದ್ದಿತ್ತು.

ಹಿಪ್ಪುನೇರಳೆ ಮರ ಇದ್ದ ಜಾಗದಲ್ಲಿ, ಕಾರಂಜಿಯ ಕಟ್ಟೆಯ ಮೇಲೆ ಎಲಿಸೆವ್ ನಿಂತಿದ್ದ. ಬೊಂಬಾರ್ದಿನೊಗೆ ಸುತ್ತಿ ತಂದಿದ್ದ ತಾಯಿಯ ಮೇಜುಬಟ್ಟೆ ಅವನ ಕಾಲಬುಡದಲ್ಲಿ ಬಿದ್ದಿತ್ತು. ಅದರ ಮೇಲೆ ಬೆಳಗಿನ ಸಾಸೇಜಿನ ಎಣ್ಣೆಕಲೆ ಇನ್ನೂ ಹಸಿಯಾಗಿತ್ತು. ಆ ಎಂಟು ಆವರ್ತಗಳಲ್ಲಿ ಅವನು ದೊಡ್ಡದೇನನ್ನೂ ನುಡಿಸಲಿಲ್ಲ. ಎಡಗಡೆಯಿಂದ ಬಂದದ್ದನ್ನು ಸ್ವಲ್ಪ ನುಡಿಸಿದ, ಬಲಗಡೆಯಿಂದ ಬಂದದ್ದನ್ನು ಸ್ವಲ್ಪ ನುಡಿಸಿದ, ನಡುವೆ ತನ್ನದೊಂದು ಸಣ್ಣ ತಿರುವನ್ನಿಟ್ಟ. ಓಣಿಯ ಮನೆಯ ಶುಕ್ರವಾರ ಅದು. ಮೆಕ್ಸಿಕೊವನ್ನು ಕುಣಿಸಿದವನ ತುಟಿ ಮೊದಲ ಸ್ವರದಲ್ಲಿ ನಡುಗಿತೆಂದು ಬ್ರೆಡ್ಡಿನಂಗಡಿಯವಳು ಹೇಳುತ್ತಾಳೆ.

ಆವರ್ತಗಳು ಮುಗಿದವು. ಬರೆದದ್ದನ್ನು ಬರೆದಂತೆ ನುಡಿಸಿ ಅಭ್ಯಾಸವಾದ ಎರಡು ಬ್ಯಾಂಡುಗಳೂ ತಮಗೆ ತಿಳಿಯದಂತೆಯೇ ಒಟ್ಟಿಗೆ ಎತ್ತಿಕೊಂಡವು. ಎಲಿಸೆವ್ ಕಟ್ಟೆಯಿಂದಿಳಿದು ಚರ್ಚಿನ ಕಡೆಗೆ ನುಡಿಸುತ್ತ ನಡೆಯತೊಡಗಿದ.

“ಅವನು ನಮ್ಮ ರಚನೇಲಿ ನುಡಿಸ್ತಿದಾನೆ,” ಎಂದರು ರೆಮಿಜಿ ನಗಾರಿಯವನಿಗೆ. “ನಡೀರೋ, ಅವನ ಬೆನ್ನು ಬಿಡಬೇಡ್ರೋ. ಬಿಟ್ರೆ ಆ ಬಸವನಹುಳುಗಳ ಪಾಲಾಗ್ತಾನೆ!”

“ಒಣಮೀನುಗಳು ಅವನನ್ನ ಹೊಡ್ಕೊಂಡು ಹೋಗ್ತಿದಾರೆ,” ಎಂದರು ಅಮಾದೆವ್ ತುತ್ತೂರಿಯವರಿಗೆ. “ಹೆಜ್ಜೆ ಹಾಕ್ರೋ! ಬಿಟ್ರೆ ಕೆಟ್ಟಿರಿ!”

ಹೀಗೆ ಪ್ರೀತಿಯಿಂದಲ್ಲ, ಬಿಟ್ಟುಕೊಡಲಾರದ ಹೊಟ್ಟೆಯುರಿಯಿಂದ, ಎರಡು ಬ್ಯಾಂಡುಗಳೂ ಐವತ್ತು ದಾಟಿದ ಎಲಿಸೆವ್ ಫೆರ್ರಾಂದಿಸನ ಹಿಂದೆ ನಡೆದವು. ಮೂರ್ ದೊರೆಯೂ ಕ್ರೈಸ್ತ ದಳಪತಿಯೂ ಪಕ್ಕಪಕ್ಕದಲ್ಲಿ ಕುದುರೆ ನಡೆಸಬೇಕಾಯಿತು. ಒಬ್ಬನ ಪೇಟ ಇನ್ನೊಬ್ಬನ ಗರಿಗೆ ಸಿಕ್ಕಿಕೊಂಡಿತು. ಮೆರವಣಿಗೆ ಓಣಿಯ ತಿರುವಿಗೆ ಬಂದಾಗ ಬಾಲ್ಕನಿಯಲ್ಲಿ ಕೊನ್ಸೊಲ್ ನಿಂತಿದ್ದಳು. ಮಗ ತಲೆಯೆತ್ತಿ ನೋಡಿದ. ಊರೇ ಕಣ್ಣೊರೆಸಿಕೊಳ್ಳಲು ಸಿದ್ಧವಾಗಿತ್ತು.

“ಬೆನ್ನು ನೆಟ್ಟಗಿಟ್ಕೊಳ್ಳೋ!” ಎಂದು ಕೂಗಿದಳು ಕೊನ್ಸೊಲ್. “ಗೂನು ಬಂದೋನ ಹಾಗೆ ನಡೀತೀಯ!”

ಅವನು ಬೆನ್ನು ನೆಟ್ಟಗಿಟ್ಟುಕೊಂಡ. ಅವಳು ಒಳಗೆ ಹೋದಳು. ಅಂದಿನ ಸಂಜೆ ಕೊನ್ಸೊಲ್ ನೀರು ಬೆರೆಸದ ರಮ್ಮಿಗೆ ಬೆಂಕಿ ಹಚ್ಚಿ ಒಬ್ಬಳೇ ಒಂದು ಕ್ರೆಮಾಯೆತ್ ಕುಡಿದಳೆಂದು ಗೋಡೆಗೆ ಕಿವಿಗೊಟ್ಟ ಅದೇ ಚಿಕ್ಕಮ್ಮ ಹೇಳಿದ್ದಾರೆ. ಕುಡಿದದ್ದು ಗೋಡೆಯಾಚೆಗೆ ಹೇಗೆ ಕೇಳಿಸಿತೋ ತಿಳಿಯದು.

ಇದರಿಂದ ಬೆನಿಮೊರ್ಲದ ಜಗಳ ಮುಗಿಯಿತೆಂದು ಭಾವಿಸುವವರಿಗೆ ಬೆನಿಮೊರ್ಲ ಗೊತ್ತಿಲ್ಲ. ಮರುದಿನ ಬೆಳಗ್ಗೆಯೇ ಹೊಸ ಜಗಳ ಹುಟ್ಟಿತು. ಯಾರದು ಮುಖ್ಯ ರಾಗ, ಯಾರದು ಬರೀ ಒತ್ತು? ಮೌನದಲ್ಲಿ ಯಾರು ಮೊದಲು ನಿಂತರು? ಎಲಿಸೆವ್ ಯಾರ ಮುಂದೆ ನಡೆದ? ಎರಡೂ ಬ್ಯಾಂಡುಗಳು ಅವನಿಗೆ ತಮ್ಮ ತಮ್ಮ ಟೋಪಿ ಕಳಿಸಿದವು. ಅವನು ಎರಡನ್ನೂ ಇಟ್ಟುಕೊಂಡು, ಮುಂದಿನ ಹಬ್ಬಗಳಲ್ಲಿ ಬರಿದಲೆಯಲ್ಲಿ ನಡೆದ. ಚೌಕದ ನಡುವೆ ಅವನಿಗೆಂದು ಎಂಟು ಆವರ್ತಗಳನ್ನು ಬಿಟ್ಟಿರುವುದು ಈಗ ವಾಡಿಕೆ. ಬಿಡದಿದ್ದರೆ ಇನ್ನೊಬ್ಬರು ಬಿಟ್ಟಾರು ಎಂಬ ಭಯ.

ಆಮೇಲೆ ಅವನು ಆ ರಚನೆಯ ಮುದ್ರಿಕೆ ಮಾಡಬೇಕೆಂದ. ಒಂದೇ ಕೋಣೆಯಲ್ಲಿ ಕೂರಲು ಇಬ್ಬರೂ ಒಪ್ಪಲಿಲ್ಲ. ನಿರ್ಮಾಪಕನಾಗಿ ಅಷ್ಟು ವರ್ಷ ಹಾಡುಗಾರರ ಕೋಪತಾಪ ಕಂಡವನಿಗೆ ಇದೇನು ಮಹಾ! ಒಂದು ದಿನ ಹಳಬರನ್ನು ನುಡಿಸಿ ಮುದ್ರಿಸಿದ, ಮತ್ತೊಂದು ದಿನ ಹೊಸಬರನ್ನು. ಮ್ಯಾಡ್ರಿಡ್ಡಿಗೆ ಹೋಗಿ ಎರಡನ್ನೂ ಹೊಲಿದ. ಎಡಗಡೆಯ ಸ್ಪೀಕರಿನಲ್ಲಿ ಹಳೇ ಬ್ಯಾಂಡು, ಬಲಗಡೆಯದರಲ್ಲಿ ಹೊಸ ಬ್ಯಾಂಡು, ತೊಟ್ಟಿಲಲ್ಲಿ ಕೇಳಿದ ಹಾಗೆ. ಹೊದಿಕೆಯ ಮೇಲೆ ‘ನುಡಿಸಿದವರು: ನನ್ನ ಊರಿನ ಬ್ಯಾಂಡು’ ಎಂದಷ್ಟೇ ಅಚ್ಚು ಹಾಕಿಸಿದ. ಅದು ತಮ್ಮನ್ನು ಕುರಿತದ್ದೆಂದು ಎರಡೂ ಬ್ಯಾಂಡಿನವರು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

“ಕೇಳೋದು ಹ್ಯಾಗೆ ಗೊತ್ತಾ?” ಎಂದರು ಫಿನೆತಾ. “ಇವರ ಬ್ಯಾಂಡಿನ ಮನೇಲಿ ಎಡಗಡೆ ಸ್ಪೀಕರಿನ ತಂತಿ ಕತ್ತರಿಸಿಬಿಟ್ಟಿದಾರೆ!”

“ನಿಮ್ಮ ಮನೇಲಿ ಬಲಗಡೆದು ಇಲಿ ತಿಂದಿದ್ದೋ?” ಎಂದರು ರಮೊನೆತಾ.

“ಇಲಿಯೇ ತಿಂದಿದ್ದು.”

“ಕತ್ತರಿ ಹಿಡ್ಕೊಂಡ ಇಲಿ!”

ಎರಡು ಮನೆಗಳಲ್ಲೂ ನಾನು ಆ ಮುದ್ರಿಕೆಯನ್ನು ಕೇಳಿದ್ದೇನೆ. 
ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಉಳಿದರ್ಧ. ಎಂಟು ಆವರ್ತಗಳು ಬಂದಾಗ ಮಾತ್ರ ಎರಡು ಕಡೆಯೂ ಬೊಂಬಾರ್ದಿನೊ ಒಂದೇ ತೆರನಾಗಿ ಕೇಳುತ್ತದೆ. ಅದನ್ನು ಅವನು ನಟ್ಟನಡುವೆ ಇಟ್ಟಿದ್ದ. ಯಾವ ತಂತಿಯನ್ನು ಕತ್ತರಿಸಿದರೂ ಅದು ಹೋಗದು.

ಅಷ್ಟು ಹೊತ್ತಿಗೆ ಬಾದಾಮಿ ಮುಗಿದಿತ್ತು. ಒಳಗಿನಿಂದ ಯಾರದೋ ಗಂಡ, “ಊಟ ಇದ್ಯೋ, ಕಥೇನೇ ಬಡಿಸ್ತೀಯೋ?” ಎಂದು ಕೂಗಿದ. ಹೆಂಗಸರು ಎದ್ದು ಮಡಿಲಿನ ಸಿಪ್ಪೆ ಕೊಡವಿಕೊಂಡು, ತಂತಮ್ಮ ಕುರ್ಚಿಗಳನ್ನು ಎತ್ತಿಕೊಂಡರು. ರಮೊನೆತಾ ತಮ್ಮ ಬಾಗಿಲ ಕಡೆ ಹೋಗುತ್ತ ಚುರುಕಿನ ಕ್ರೈಸ್ತ ನಡೆಯನ್ನು ಗುನುಗತೊಡಗಿದರು. ಫಿನೆತಾ ಅದನ್ನು ಕೇಳಿ, ತಮ್ಮ ಬಾಗಿಲ ಕಡೆ ತೂಗಿ ತೂಗಿ ಹೆಜ್ಜೆ ಹಾಕುತ್ತ, ಮೂರ್ ನಡೆಯನ್ನು ಇನ್ನೂ ಗಟ್ಟಿಯಾಗಿ ಗುನುಗಿದರು. ಹೊಸ್ತಿಲು ದಾಟಿದರು, ಬಾಗಿಲು ಹಾಕಿಕೊಂಡರು. ಬಾಗಿಲುಗಳ ಹಿಂದಿನಿಂದಲೂ ಗುನುಗು ಕೇಳುತ್ತಲೇ ಇತ್ತು. ಮೊದಲು ನಿಲ್ಲಿಸುವುದಕ್ಕೆ ಇಬ್ಬರಿಗೂ ಇಷ್ಟವಿರಲಿಲ್ಲ.